ಗಾಳಿ ಗೇಟಿನ ಕಡೆಗೆ ಬೀಸುತ್ತಿತ್ತು

ಭಾನುವಾರ ಬೆಳಗ್ಗೆ ಏಳು ಗಂಟೆಗೆ ನನ್ನ ತರಗತಿ. ಆ ಹೊತ್ತಿಗೆ ಯಾರು ಪಾಠ ಕೇಳುತ್ತಾರೆ ಎಂದು ವಿಶ್ವವಿದ್ಯಾಲಯದವರು ಮೊದಲು ನಕ್ಕಿದ್ದರು. ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಅದೇ ಅನುಕೂಲವಾಗಿತ್ತು. ಎಲ್ಲರೂ ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್‌ಗಳು. ಕೆಲಸ ಬಿಡದೆ ಸ್ನಾತಕೋತ್ತರ ಪದವಿ ಮಾಡಿಕೊಳ್ಳಲು ಬಂದವರು. ರಾತ್ರಿ ಪಾಳಿಯವರು ಮನೆಗೆ ಹೋಗುವ ಮುಂಚೆ, ಬೆಳಗಿನ ಪಾಳಿಯವರು ಗದ್ದಲ ಶುರುವಾಗುವ ಮುಂಚೆ, ಕ್ಯಾಂಟೀನಿನ ಮೂಲೆಯಲ್ಲೋ ನಿಲ್ಲಿಸಿದ ಕಾರಿನೊಳಗೋ ಕೂತು ಮೊಬೈಲಿನಲ್ಲಿ ತರಗತಿಗೆ ಸೇರುತ್ತಿದ್ದರು. ನಾನು ದೊಡ್ಡಬಳ್ಳಾಪುರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೂರುತ್ತಿದ್ದೆ. ನಮ್ಮ ಬೀದಿಯಲ್ಲಿ ಪವರ್‌ಲೂಮ್‌ಗಳಿಗೆ ಭಾನುವಾರ ಎಂಬುದಿಲ್ಲ. ಕಿಟಕಿ ತೆರೆದರೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ.

ಈ ಕೋರ್ಸನ್ನು ರೂಪಿಸಿಕೊಡಿ ಎಂದು ನನ್ನನ್ನು ಕೇಳಿದಾಗ ನಾನು ನೆಲಮಂಗಲದ ಕಡೆಯ ಕಾರ್ಖಾನೆಗಳಲ್ಲಿ ಬಹಳ ವರ್ಷ ಸೇಫ್ಟಿ ಆಫೀಸರ್ ಕೆಲಸ ಮಾಡಿ ಬಿಟ್ಟಿದ್ದೆ. ಮೊದಲ ಸಲ ಮಾಡಿದ್ದು ಎಲ್ಲರೂ ಮಾಡುವ ಹಾಗೆಯೇ. ಕಾನೂನಿನ ಕಲಮುಗಳು, ಸ್ಲೈಡುಗಳು, ಕೊನೆಯಲ್ಲಿ ಹತ್ತು ಪ್ರಶ್ನೆ. ವಿದ್ಯಾರ್ಥಿಗಳು ಕ್ಯಾಮೆರಾ ಆರಿಸಿ ಸುಮ್ಮನೆ ಇರುತ್ತಿದ್ದರು. ಒಂದು ದಿನ ಒಬ್ಬರು ಕೇಳಿದರು, “ಮೇಡಂ, ನಿಯಮ ಏನು ಅಂತ ನಮಗೂ ಗೊತ್ತು. ಮೇಲಿನವರು ಬೇಡ ಅಂದಾಗ ಏನ್ ಮಾಡ್ಬೇಕು, ಅದನ್ನ ಹೇಳ್ಕೊಡ್ತೀರಾ?”

ಅದಕ್ಕೆ ನನ್ನ ಬಳಿ ಸ್ಲೈಡ್ ಇರಲಿಲ್ಲ. ಹಾಗಾಗಿ ಮುಂದಿನ ವರ್ಷ ಕೋರ್ಸನ್ನು ಒಡೆದು ಬೇರೆ ಥರ ಕಟ್ಟಿದೆ. ವಾರಕ್ಕೊಬ್ಬರು ತಮ್ಮ ಕಂಪನಿಯ ಒಪ್ಪಿಗೆ ಪಡೆದು, ಮೊಬೈಲ್ ಹಿಡಿದು ತಮ್ಮ ಕಾರ್ಖಾನೆಯನ್ನು ನಡೆದು ತೋರಿಸಬೇಕು. ಉಳಿದವರು ನೋಡುತ್ತಾ ಕೇಳಬೇಕು. ಆ ಏಣಿ ಯಾಕೆ ಅಲ್ಲಿದೆ, ಆ ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ರಾತ್ರಿ ಅಲ್ಲಿ ಯಾರಿರುತ್ತಾರೆ. ತೀರ್ಪು ಕೊಡುವ ಹಾಗಿಲ್ಲ, ಕೇಳಬಹುದು ಅಷ್ಟೆ. ನಮ್ಮ ವಿಭಾಗದ ಮುಖ್ಯಸ್ಥರು ಹಿಂದೆಮುಂದೆ ನೋಡಿದರು. ಏನಾದರೂ ಆದರೆ ಯಾರು ಹೊಣೆ ಎಂದರು. ನಾನು ಎಂದೆ. ಅದನ್ನು ಹೇಳುವಾಗ ‘ಏನಾದರೂ’ ಅನ್ನುವುದು ಹೇಗಿರುತ್ತದೆಂದು ನಾನು ಯೋಚಿಸಿರಲಿಲ್ಲ.

ಆ ಭಾನುವಾರದ ಸರದಿ ಆವತಿಯ ಕಡೆಯ ಹೆಣ್ಣುಮಗಳೊಬ್ಬಳದು. ಮೂವತ್ತರ ಆಸುಪಾಸು. ಮನೆಯವರು ದ್ರಾಕ್ಷಿ ಬೆಳೆಯುತ್ತಿದ್ದರು. ಆಕೆ ಸೂಲಿಬೆಲೆ ಹತ್ತಿರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಸೇಫ್ಟಿ ಆಫೀಸರ್. ತರಕಾರಿ, ಹಣ್ಣು ಇಡುವ ದೊಡ್ಡ ದೊಡ್ಡ ತಣ್ಣನೆಯ ಕೋಣೆಗಳು. ಅವನ್ನು ತಂಪಾಗಿಡುವುದು ಅಮೋನಿಯಾ. ಕೊಳವೆಯೊಳಗೆ ಇರುವ ತನಕ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಹೊರಗೆ ಬಂದರೆ ಕಣ್ಣು, ಗಂಟಲು, ಶ್ವಾಸಕೋಶ ಸುಡುತ್ತದೆ.

ಆಕೆ ಮೆದುಮಾತಿನವಳು. ತರಗತಿಯಲ್ಲಿ ಏನು ಕೇಳಬೇಕಾದರೂ ಮೊದಲು “ತಪ್ಪು ತಿಳ್ಕೋಬೇಡಿ ಮೇಡಂ” ಎನ್ನುತ್ತಿದ್ದಳು. ಇಂಥವಳು ಗಂಡಸರೇ ತುಂಬಿರುವ ಜಾಗದಲ್ಲಿ ಹೇಗೆ ನಿಭಾಯಿಸುತ್ತಾಳೋ ಎಂದು ನನಗೆ ಒಳಗೊಳಗೇ ಅನುಮಾನವಿತ್ತು.

ಅಂದು ಹೊರಗಿನಿಂದ ಶುರು ಮಾಡಿದಳು. ಲಾರಿಗಳು ಬಂದು ನಿಲ್ಲುವ ಕಟ್ಟೆ, ಕ್ಯಾರೆಟ್ ಮೂಟೆಗಳು, ಕೋಣೆಗಳ ದಪ್ಪ ಬಾಗಿಲು. ಮುಂದಿನ ಗೇಟಿನ ಪಕ್ಕ ಹಸಿರು ಹಲಗೆ ತೋರಿಸಿ, ಅವಘಡವಾದರೆ ಎಲ್ಲರೂ ಬಂದು ಸೇರುವ ಜಾಗ ಇದು ಎಂದಳು. ಹೊಸಕೋಟೆಯ ಒಬ್ಬ ವಿದ್ಯಾರ್ಥಿ, ಒಂದು ಕೆಮಿಕಲ್ ಗೋಡೌನಿನ ಸೇಫ್ಟಿ ಆಫೀಸರ್, ನನಗಿಂತ ನಾಲ್ಕೈದು ವರ್ಷ ಚಿಕ್ಕವರು ಇರಬಹುದು, “ಗಾಳಿ ಯಾವ್ ಕಡೆ ಬೀಸ್ತಿದೆ ಅಲ್ಲಿ?” ಎಂದು ಕೇಳಿದರು. ಆಕೆ ಛಾವಣಿಯ ಮೇಲೆ ಕಟ್ಟಿದ್ದ ಬಟ್ಟೆಯ ಗಾಳಿಚೀಲದ ಕಡೆ ಮೊಬೈಲ್ ಎತ್ತಿದಳು. ಅದು ಗೇಟಿನ ಕಡೆಗೇ ತುಂಬಿಕೊಂಡು ನಿಂತಿತ್ತು. ಆಕೆ, “ಇದನ್ನ ಬರೆದಿಟ್ಕೊಳ್ತೀನಿ” ಎಂದಳು.

ಮುಂದೆ ಮೆಷಿನ್ ರೂಮಿನ ಬಾಗಿಲು. ಒಳಗೆ ಹೋಗುವುದಿಲ್ಲ, ಇಲ್ಲಿಂದಲೇ ತೋರಿಸುತ್ತೇನೆ ಎಂದಳು. ಮೊಬೈಲಿನಲ್ಲಿ ಕಂಪ್ರೆಸರ್‌ಗಳ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಒಳಗೆ ಒಂದು ಟ್ಯಾಂಕಿನ ಬುಡದಲ್ಲಿ ಒಬ್ಬ ಆಪರೇಟರ್ ಕುಕ್ಕರಗಾಲಲ್ಲಿ ಕೂತಿದ್ದ. ಎದುರಿಗೆ ಬಕೆಟ್ಟು, ಮುಖಕ್ಕೆ ಮಾಸ್ಕ್ ಇರಲಿಲ್ಲ.

ಕಂಪ್ರೆಸರ್‌ನ ಆಯಿಲ್ ಅಮೋನಿಯಾ ಜೊತೆ ಸ್ವಲ್ಪ ಸ್ವಲ್ಪವೇ ಹೋಗಿ ಟ್ಯಾಂಕಿನ ತಳದಲ್ಲಿ ಸೇರುತ್ತದೆ. ಆಗಾಗ ಅದನ್ನು ಹೊರಗೆ ಬಿಡಬೇಕು. ಇಬ್ಬರು ಇರಬೇಕು, ಮಾಸ್ಕ್ ಇರಬೇಕು. ಯಾಕೆಂದರೆ ಥಂಡಿಗೆ ಗಟ್ಟಿಯಾದ ಆಯಿಲ್ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಬರುತ್ತಿಲ್ಲವೆಂದು ವಾಲ್ವನ್ನು ಇನ್ನಷ್ಟು ತೆರೆದರೆ ಕಟ್ಟಿದ್ದು ಒಮ್ಮೆಲೇ ಬಿಡುತ್ತದೆ, ಅದರ ಬೆನ್ನಿಗೇ ಅಮೋನಿಯಾ ನುಗ್ಗುತ್ತದೆ.

“ಅವರು ಆಯಿಲ್ ತೆಗೀತಿದ್ದಾರಾ?” ಹೊಸಕೋಟೆಯವರು ಕೇಳಿದರು. “ಒಬ್ರೇ ಇದ್ದಾರಲ್ಲ.”

“ಇವತ್ತು ತೆಗೆಯೋದಿಲ್ಲ ಅಂದಿದ್ರು” ಎಂದವಳೇ ಆಕೆ ಜೋರಾಗಿ ಕೂಗಿದಳು. “ಅಣ್ಣಾ, ನಿಲ್ಸಿ. ನಿಲ್ಸಿ ಅದನ್ನ.”

ಆಪರೇಟರ್ ಬಾಗಿಲ ಕಡೆ ಮುಖ ತಿರುಗಿಸಿದ. ಕೈ ವಾಲ್ವಿನ ಮೇಲೇ ಇತ್ತು. ಏನೋ ಹೇಳಲು ಬಾಯಿ ತೆರೆದದ್ದು ಕಂಡಿತು. ಆಮೇಲೆ ಸೀಟಿಯಂಥ ಸದ್ದು, ಪರದೆಯ ತುಂಬ ಬಿಳಿ. ಮಂಜಲ್ಲ, ಹಿಟ್ಟು ಎರಚಿದ ಹಾಗೆ ದಟ್ಟವಾದ ಬಿಳಿ. ಮೊಬೈಲ್ ಒಂದು ಸುತ್ತು ತಿರುಗಿತು. ನೆಲ, ಗೋಡೆ, ಆಕಾಶ, ನಂತರ ಕತ್ತಲೆ. ಅವಳು ಅದನ್ನು ಜೇಬಿಗೆ ಹಾಕಿಕೊಂಡು ಓಡುತ್ತಿದ್ದಳು. ಬಟ್ಟೆ ಉಜ್ಜುವ ಸದ್ದು, ಉಬ್ಬಸ, ಬೂಟಿನ ಸದ್ದು ನಮಗೆಲ್ಲ ಕೇಳುತ್ತಿತ್ತು.

ನಾನು ಇನ್ನೊಂದು ಫೋನು ತೆಗೆದು ತುರ್ತು ಸಹಾಯದ ನೂರಾ ಹನ್ನೆರಡಕ್ಕೆ ಹಚ್ಚಿದೆ. ಅಷ್ಟರಲ್ಲಿ ಜೇಬಿನೊಳಗಿಂದ ಒಂದು ಗಂಡಸಿನ ಧ್ವನಿ ಬಂತು. ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಎಂದು ಅವನ ಮಾತಿನಲ್ಲೇ ಗೊತ್ತಾಯಿತು.

“ಏನಮ್ಮ, ಸ್ವಲ್ಪ ವಾಸ್ನೆ ಬಂದಿದ್ದಕ್ಕೆಲ್ಲ ಸೈರನ್ ಹೊಡೀತಾರಾ? ಊರೆಲ್ಲ ಬಂದು ಸೇರ್ಕೊಳತ್ತೆ. ಮೊದ್ಲು ಕಂಪ್ರೆಸರ್ ಆಫ್ ಮಾಡ್ಸು, ನೋಡಣ.”

“ಹೊರಗಿನ ಸ್ವಿಚ್ಚಲ್ಲಿ ಆಫ್ ಮಾಡ್ದೆ ಸಾರ್. ವಾಸ್ನೆ ಅಲ್ಲ, ವಾಲ್ವ್ ಬಿಟ್ಕೊಂಡಿದೆ. ಒಳಗೆ ಆಪರೇಟರ್ ಇದಾರೆ.”

“ಅದಕ್ಕೇ ಹೇಳ್ತಿರೋದು, ಗಾಬರಿ ಮಾಡ್ಬೇಡ. ಸೈರನ್ ಬೇಡ.”

ಅವಳು ಮತ್ತೆ ಓಡಿದ ಬೂಟಿನ ಸದ್ದು. ಆಮೇಲೆ ಸೈರನ್ ಕೂಗಿತು. ನನ್ನ ಕೋಣೆಯ ತುಂಬ ಅದು ಕೂಗಿದಂತೆ ಅನ್ನಿಸಿತು. ಸೈರನ್ನಿನ ನಡುವೆ ಅವಳ ಧ್ವನಿ. ನಾನು ಅವಳನ್ನು ಅಷ್ಟು ಗಟ್ಟಿಯಾಗಿ ಎಂದೂ ಕೇಳಿರಲಿಲ್ಲ. “ಮುಂದಿನ ಗೇಟಿಗೆ ಯಾರೂ ಹೋಗ್ಬೇಡಿ. ಗಾಳಿ ಆ ಕಡೆನೇ ಹೋಗ್ತಿದೆ. ಹಿಂದಿನ ಗೇಟು, ಹಿಂದಿನ ಗೇಟು.” ಯಾರೋ ಬೀಗ ಎಂದರು. “ಒಡೀರಿ” ಎಂದಳು.

ಅತ್ತ ನೂರಾ ಹನ್ನೆರಡರವರು ವಿಳಾಸ ಕೇಳುತ್ತಿದ್ದರು. ಕಾರ್ಖಾನೆ ತೋರಿಸುವ ನಡಿಗೆಗೆ ಮುಂಚೆ ಎಲ್ಲರೂ ತಮ್ಮ ಕಾರ್ಖಾನೆಯ ನಕ್ಷೆ ಕಳಿಸಬೇಕೆಂಬ ನಿಯಮವಿತ್ತು. ಅದನ್ನೇ ಎದುರಿಗಿಟ್ಟುಕೊಂಡು ರಸ್ತೆ ಹೇಳಿದೆ. ಮುಂದಿನ ಗೇಟಿನಿಂದ ಬರಬೇಡಿ, ಹಿಂದೆ ಹೊಲದ ಕಡೆಯಿಂದ ಮಣ್ಣು ದಾರಿ ಇದೆ, ಅದರಲ್ಲಿ ಬನ್ನಿ ಎಂದೆ. ಆ ಕಡೆಯವರು, “ನೀವು ಅಲ್ಲೇ ಇದೀರಾ ಮೇಡಂ?” ಎಂದರು. ಇಲ್ಲ, ದೊಡ್ಡಬಳ್ಳಾಪುರದಲ್ಲಿದ್ದೇನೆ ಎಂದಾಗ ಅವರು ಒಂದು ಗಳಿಗೆ ತಡೆದರು. ನನ್ನನ್ನು ನಂಬುವುದೋ ಬೇಡವೋ ಎಂದು ತೂಗುತ್ತಿದ್ದಾರೆ ಅನ್ನಿಸಿತು. ಸೈರನ್ ಕೇಳಿಸಿಕೊಂಡು ನಂಬಿರಬೇಕು. ಗಾಡಿ ಕಳಿಸುತ್ತೇವೆ ಎಂದರು.

ಅಷ್ಟರಲ್ಲಿ ಪರದೆಯ ಮೇಲೆ ಅವಳ ಮುಖ ಬಂತು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. “ಮೇಡಂ, ಲೈನಲ್ಲಿ ಇದೀರಾ? ಆಪರೇಟರ್ ಹೊರಗೆ ಬರಕ್ಕಾಗದೆ ಒಳಗಿನ ಸ್ಟೋರ್ ರೂಮಿಗೆ ಓಡಿದ್ದಾರೆ. ಹಿಂದಿನ ಕಿಟಕಿ ಕಂಬಿ ಹಿಡ್ಕೊಂಡು ಕೂಗ್ತಿದಾರೆ. ಕಂಬಿ ಮುರಿಯಕ್ಕೆ ಆಗ್ತಿಲ್ಲ. ನಮ್ಮ ಉಸಿರಾಟದ ಸೆಟ್ ಮೆಷಿನ್ ರೂಮೊಳಗೇ ಇದೆ. ಹತ್ತಿರ ಯಾರ ಹತ್ರಾನಾದ್ರೂ ಸೆಟ್ ಇದೆಯಾ?”

ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಖಕ್ಕೆ ಮಾಸ್ಕ್ ಹಾಕುವ ಆ ಸೆಟ್ಟನ್ನು ಹೊರಗಿಡಿ ಎಂದು ಆಕೆ ಬಹಳ ದಿನದಿಂದ ಕೇಳುತ್ತಿದ್ದಳು. ತರಗತಿಯಲ್ಲೂ ಹೇಳಿದ್ದಳು. ಹೊರಗಿಟ್ಟರೆ ಕಳುವಾಗುತ್ತದೆ ಎನ್ನುವುದು ಮ್ಯಾನೇಜರ್ ಉತ್ತರ.

“ನಮ್ಮಲ್ಲಿದೆ” ಎಂದರು ಹೊಸಕೋಟೆಯವರು. ಅವರ ಗೋಡೌನು ಹೊಸಕೋಟೆಯಿಂದ ಈಚೆಗೆ, ಸೂಲಿಬೆಲೆ ರಸ್ತೆಯಲ್ಲೇ ಇತ್ತು. “ಎರಡು ಜೊತೆ ಇದೆ. ಒಂದು ಜೊತೆ ತರ್ತೀನಿ.” ಆಮೇಲೆ ನನ್ನ ಕಡೆ ತಿರುಗಿದಂತೆ, “ಮೇಡಂ, ಇಲ್ಲಿ ಕೇಳಣ ಅಂದ್ರೆ ಇವತ್ತು ದೊಡ್ಡೋರು ಯಾರೂ ಇಲ್ಲ. ತಗೊಂಡ್ ಹೋಗ್ಲಾ?”

ಇಪ್ಪತ್ತಕ್ಕೂ ಹೆಚ್ಚು ಮುಖಗಳು ಪರದೆಯಲ್ಲಿದ್ದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನೇ ಅವರಿಗೆ ಮತ್ತೆ ಮತ್ತೆ ಹೇಳಿಕೊಟ್ಟಿದ್ದೆ, ಅನಿಲ ಸೋರಿದ ಕಡೆ ಮೊದಲು ಬಿದ್ದವನ ಪಕ್ಕದಲ್ಲೇ ಬಿದ್ದಿರುವವನು ಅವನನ್ನು ಎತ್ತಲು ಓಡಿದವನೇ ಎಂದು. ಈಗ ಒಬ್ಬ ವಿದ್ಯಾರ್ಥಿಯನ್ನು ಇನ್ನೊಬ್ಬಳ ಅವಘಡದೊಳಕ್ಕೆ ಕಳಿಸಬೇಕೇ ಬೇಡವೇ ಎಂದು ನಾನು ಹೇಳಬೇಕಿತ್ತು. ಹೊಸಕೋಟೆಯವರಿಗೆ ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಇದ್ದಾರೆಂದು ನನಗೆ ಗೊತ್ತಿತ್ತು.

“ನಿಮ್ಮಲ್ಲಿ ಇವತ್ತು ಏನಾದ್ರೂ ಕೆಲಸ ನಡೀತಿದೆಯಾ?” ಎಂದೆ.

“ಇಲ್ಲ ಮೇಡಂ. ಲೋಡಿಂಗ್ ಇಲ್ಲ.”

“ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿ ಹೊರಡಿ. ಸೆಟ್ ಹಾಕಿ ಅಭ್ಯಾಸ ಇರೋ ಒಬ್ರನ್ನ ಜೊತೆಗೆ ಕರ್ಕೊಳ್ಳಿ. ನೀವು ಸೇರೋ ಹೊತ್ತಿಗೆ ಫೈರ್‌ನವರು ಬಂದಿದ್ರೆ ಸೆಟ್ ಅವರ ಕೈಗೆ ಕೊಟ್ಟು ಹೊರಗೇ ನಿಲ್ಲಿ. ಬಂದಿಲ್ಲ ಅಂದ್ರೆ ಇಬ್ರೂ ಒಟ್ಟಿಗೇ ಹೋಗ್ಬೇಕು. ಒಬ್ರೇ ಹೋಗೋ ಹಾಗಿಲ್ಲ.”

“ಸರಿ ಮೇಡಂ” ಎಂದರು. ಪರದೆಯಲ್ಲಿ ಅವರ ಚೌಕ ಖಾಲಿಯಾಯಿತು.

ಅವಳ ಮೊಬೈಲ್ ಇನ್ನೂ ಚಾಲೂ ಇತ್ತು. ಈಗ ಅದು ಕೈಯಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಮಣ್ಣು, ಕಾಲುಗಳು ಕಾಣುತ್ತಿದ್ದವು. ಒಬ್ಬ ಗಂಡಸು ಅಳುತ್ತಾ ಬೈಯುತ್ತಿದ್ದ. ಲಾರಿಗೆ ಮೂಟೆ ಹೊರುವ ಲೋಡರ್, ಆಪರೇಟರ್‌ನ ಭಾಮೈದ ಎಂದು ಆಮೇಲೆ ತಿಳಿಯಿತು.

“ಬಿಡಿ ಮೇಡಮ್ಮೋರೆ, ಒದ್ದೆ ಬಟ್ಟೆ ಕಟ್ಕೊಂಡು ಒಂದೇ ಉಸ್ರಲ್ಲಿ ಹೋಗಿ ಕರ್ಕೊಂಡ್ ಬಂದ್ಬಿಡ್ತೀನಿ.”

“ಯಾರೂ ಹೋಗ್ಕೂಡ್ದು.”

“ನಮ್ ಭಾವ ಕಣ್ರೀ ಒಳಗಿರೋದು.”

“ಗೊತ್ತು. ಸೆಟ್ ಬರ್ತಿದೆ. ಅಲ್ಲೀವರೆಗೂ ಯಾರೂ ಬಾಗಿಲು ದಾಟಂಗಿಲ್ಲ.”

“ಸಾಯ್ಲಿ ಅಂತೀರಾ?”

ತಳ್ಳಾಟದ ಸದ್ದು ಬಂತು. ಯಾರೋ ಅವನನ್ನು ಹಿಡಿದುಕೊಂಡಿರಬೇಕು. ಅವಳು ಕಿಟಕಿಯ ಕಡೆಗೆ ಕೂಗುತ್ತಿದ್ದಳು, “ಅಣ್ಣಾ, ಟವಲ್ ನೆನೆಸಿ ಬಾಗಿಲ ಸಂದಿಗೆ ತುರುಕಿ. ಇನ್ನೊಂದು ಮುಖಕ್ಕೆ. ಕೆಳಗೆ ಕೂರ್ಬೇಡಿ, ಕಿಟಕಿ ಹತ್ರಾನೇ ಮುಖ ಇಟ್ಕೊಳ್ಳಿ.” ಅಲ್ಲಿಗೆ ಲೈನ್ ಕಡಿದುಹೋಯಿತು.

ಮತ್ತೆ ಹಚ್ಚಬೇಡಿ ಎಂದು ಎಲ್ಲರಿಗೂ ಹೇಳಿದೆ. ಅವಳಿಗೆ ಫೋನು ಬೇಕಾಗಬಹುದು. ತರಗತಿ ಮುಗಿಯಿತು, ಹೊರಡಬಹುದು ಎಂದೂ ಹೇಳಿದೆ. ಒಬ್ಬರೂ ಹೊರಡಲಿಲ್ಲ. ಯಾವುದೋ ಕ್ಯಾಂಟೀನಿನಲ್ಲಿ ಕುಕ್ಕರ್ ಕೂಗಿತು. ಮೈಕ್ ಆರಿಸುವುದು ಯಾರಿಗೂ ತೋಚಲಿಲ್ಲ. ನಮ್ಮತ್ತೆ ಕಾಫಿ ತಂದವರು ನನ್ನ ಮುಖ ನೋಡಿ, ಲೋಟ ಇಟ್ಟು ಕೆಳಗೆ ಹೋದರು. ನಾನು ಆ ನಕ್ಷೆಯನ್ನೇ ನೋಡುತ್ತಿದ್ದೆ. ಸ್ಟೋರ್ ರೂಮಿನ ಕಿಟಕಿ ಅದರಲ್ಲಿ ಒಂದು ಸಣ್ಣ ಗೀಟು.

ನನಗೆ ಇನ್ನೊಂದು ಯೋಚನೆಯೂ ಬರುತ್ತಿತ್ತು. ಅವಳು ಕೂಗದೆ ಇದ್ದಿದ್ದರೆ? ಅವನು ತಿರುಗಿ ನೋಡದೆ ಇದ್ದಿದ್ದರೆ ವಾಲ್ವಿನ ಮೇಲಿದ್ದ ಕೈ ಅಷ್ಟು ತಿರುಗುತ್ತಿರಲಿಲ್ಲವೇನೋ. ಅವಳು ಆ ಬಾಗಿಲಿಗೆ ಆ ಹೊತ್ತಿನಲ್ಲಿ ಹೋಗಿದ್ದು ನನ್ನ ತರಗತಿಗಾಗಿ.

ಎಷ್ಟು ಹೊತ್ತಾಯಿತೋ. ಹೊಸಕೋಟೆಯವರ ಫೋನು ಬಂತು. ಏದುಸಿರು ಬಿಡುತ್ತಿದ್ದರು.

“ಹೊರಗೆ ತಂದ್ವಿ ಮೇಡಂ. ಮಾತಾಡ್ತಿದಾರೆ.”

“ನೀವು?”

“ಚೆನ್ನಾಗಿದೀನಿ. ಇಬ್ರೂ ಒಟ್ಟಿಗೇ ಹೋದ್ವಿ. ಮೊದ್ಲು ವಾಲ್ವ್ ಮುಚ್ಚಿದ್ವಿ. ಫೈರ್‌ನವರು ಈಗ ಬಂದ್ರು, ನೀರು ಹಾಯಿಸ್ತಿದಾರೆ.”

ಆವತಿಯವಳು ಹೇಗಿದ್ದಾಳೆ ಎಂದೆ. ಫೋನನ್ನು ಅವಳಿಗೆ ಕೊಟ್ಟರು. ಅವಳು ಕೆಮ್ಮಿದಳು. ನಾನು ತರಗತಿಯ ಕಡೆ ತಿರುಗಿ, “ಎಲ್ಲರೂ ಹೊರಗಿದ್ದಾರೆ” ಎಂದೆ. ಒಬ್ಬೊಬ್ಬರೇ ಕೈಮುಗಿದು ಪರದೆಯಿಂದ ಹೋದರು.

ಅದು ಅಲ್ಲಿಗೆ ಮುಗಿಯಲಿಲ್ಲ. ಮರುದಿನವೇ ಕಂಪನಿಯವರು ವಿಶ್ವವಿದ್ಯಾಲಯಕ್ಕೆ ಬರೆದರು. ತರಗತಿಯ ಹೆಸರಿನಲ್ಲಿ ಮೊಬೈಲ್ ಹಿಡಿದು ಬಂದು ಆಪರೇಟರ್‌ನ ಗಮನ ಕೆಡಿಸಿದ್ದೇ ಅವಘಡಕ್ಕೆ ಕಾರಣ ಎಂಬುದು ಅದರ ಸಾರ. ಆವತಿಯವಳನ್ನು ಕೆಲಸದಿಂದ ಅಮಾನತಿನಲ್ಲಿಟ್ಟರು. ವಿಶ್ವವಿದ್ಯಾಲಯದವರು ಬೆಂಗಳೂರಿನಲ್ಲಿ ಸಭೆ ಕರೆದರು. ವಿಭಾಗದ ಮುಖ್ಯಸ್ಥರು ನನ್ನ ಮೇಲೆ ಕೂಗಾಡಲಿಲ್ಲ. ತಣ್ಣಗೆ, “ನಡಿಗೆಗಳನ್ನ ನಿಲ್ಲಿಸಿ” ಎಂದರು. ನಾನು ವಿಚಾರಣೆ ಮುಗಿಯುವವರೆಗೆ ಕಾಯಿರಿ ಎಂದೆ. ಕಾಯಲು ಅವರು ಒಪ್ಪಲಿಲ್ಲ.

ಆಪರೇಟರ್ ಹೊಸಕೋಟೆಯ ಆಸ್ಪತ್ರೆಯಲ್ಲಿದ್ದ. ನೋಡಲು ಹೋದೆ. ನಲವತ್ತೈದರ ಮೇಲಿನ ಮನುಷ್ಯ. ಭುಜ, ಕುತ್ತಿಗೆಯ ಒಂದು ಪಕ್ಕ ಸುಟ್ಟು ಬ್ಯಾಂಡೇಜ್ ಹಾಕಿದ್ದರು. ಒಂದು ಕಣ್ಣು ಮುಚ್ಚಿತ್ತು. ನಾನು ಯಾರೆಂದು ಹೇಳಿಕೊಂಡೆ. ಕೇಳಬೇಕಾದ್ದನ್ನು ಕೇಳಲು ಧೈರ್ಯ ಬರದೆ ಅವನ ಹೆಂಡತಿ ಕೊಟ್ಟ ಸ್ಟೂಲಿನ ಮೇಲೆ ಕೂತೇ ಇದ್ದೆ. ಕೊನೆಗೆ ಕೇಳಿದೆ.

“ಆಕೆ ಕೂಗಿದ್ದರಿಂದ ನಿಮಗೆ ಗಮನ ತಪ್ಪಿತಾ?”

ಅವನ ಗಂಟಲು ಇನ್ನೂ ಸರಿಹೋಗಿರಲಿಲ್ಲ. “ಅವ್ರು ಕೂಗೋಕ್ ಮುಂಚೇನೇ ಕೈಯಲ್ಲಿ ಅದುರಿದ್ದು ಗೊತ್ತಾಯ್ತು ನಂಗೆ” ಎಂದ. “ಕಟ್ಟಿದ್ದು ಬಿಡ್ತಾ ಇತ್ತು. ಅವ್ರು ಕೂಗಿದ್ದಕ್ಕೆ ಆ ಕಡೆ ತಿರುಗ್ದೆ. ಇಲ್ದಿದ್ರೆ ಎದುರುಗಡೇನೇ ನೋಡ್ತಾ ಇರ್ತಿದ್ದೆ, ಎರಡು ಕಣ್ಣೂ ಹೋಗ್ತಿತ್ತು.”

“ಅವತ್ತು ತೆಗೆಯೋದಿಲ್ಲ ಅಂತ ಇತ್ತಲ್ಲ?”

“ಸೋಮವಾರ ಲೋಡ್ ಜಾಸ್ತಿ ಇದೆ, ಇವತ್ತೇ ಮುಗಿಸ್ಬಿಡು ಅಂದ್ರು ಮ್ಯಾನೇಜರು. ಜೊತೇಲಿರ್ಬೇಕಾದವನು ರಜ.”

ಅವನ ಹೆಂಡತಿ ನಡುವೆ ಬಾಯಿ ಹಾಕಿ, ಇದನ್ನೆಲ್ಲ ಹೇಳಬೇಡಿ, ಕೆಲಸ ಹೋಗುತ್ತೆ ಎಂದಳು. ನಾನು ಒತ್ತಾಯ ಮಾಡಲಿಲ್ಲ. ಮಾಡುವ ಹಕ್ಕು ನನಗಿದೆ ಅನ್ನಿಸಲಿಲ್ಲ. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೆ. ಅವನು ಸುಮ್ಮನಾದರೆ ಆವತಿಯವಳ ಕೆಲಸ ಹೋಗುತ್ತದೆ. ಮಾತಾಡಿದರೆ ಅವನದು ಹೋಗಬಹುದು.

ಅವನು ಮಾತಾಡಿದ. ಕಾರ್ಖಾನೆ ಇಲಾಖೆಯ ಅಧಿಕಾರಿ ಹೇಳಿಕೆ ಪಡೆಯಲು ಬಂದಾಗ ನನಗೆ ಹೇಳಿದ್ದನ್ನೇ ಹೇಳಿದನಂತೆ. ಅವನ ಹೆಂಡತಿ ಅವತ್ತು ಹೊರಗೆ ಬಂದು ಅತ್ತಳಂತೆ. ಅವಳ ಭಯ ಅರ್ಧ ನಿಜವಾಯಿತು. ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಮೆಷಿನ್ ರೂಮಿನಿಂದ ಪ್ಯಾಕಿಂಗಿಗೆ ಹಾಕಿದರು. ಒಂದು ಕಣ್ಣು ಈಗಲೂ ಮಸುಕು. ಮ್ಯಾನೇಜರನ್ನು ಕಂಪನಿ ಬೇರೆ ಊರಿಗೆ ಕಳಿಸಿತು. ಆವತಿಯವಳ ಅಮಾನತು ರದ್ದಾಯಿತು. ಉಸಿರಾಟದ ಸೆಟ್ಟುಗಳು ಈಗ ಹೊರಗೆ, ಗಾಜಿನ ಪೆಟ್ಟಿಗೆಯಲ್ಲಿವೆ. ಹಿಂದಿನ ಗೇಟಿಗೆ ಬೀಗವಿಲ್ಲ, ಕಾವಲುಗಾರನಿದ್ದಾನೆ. ನನ್ನ ನಡಿಗೆಗಳು ಮಾತ್ರ ಮರಳಿ ಬರಲಿಲ್ಲ. ಮುಂಚೆಯೇ ಚಿತ್ರೀಕರಿಸಿ ತಂದು ತೋರಿಸಬಹುದು ಎಂದರು. ಹಾಗೇ ಮಾಡುತ್ತಿದ್ದೇವೆ. ಚಿತ್ರೀಕರಿಸಿ ತಂದದ್ದರಲ್ಲಿ ಯಾರೂ ಮಾಸ್ಕ್ ಇಲ್ಲದೆ ಕೂತಿರುವುದಿಲ್ಲ.

ಆವತಿಯವಳು ಕೆಲವು ವಾರ ತರಗತಿ ತಪ್ಪಿಸಿ ಮತ್ತೆ ಬಂದಳು. ಅವತ್ತು ಎಲ್ಲರೂ ಹೊತ್ತಿಗೆ ಮುಂಚೆಯೇ ಸೇರಿದ್ದರು. ಯಾರೋ ಚಪ್ಪಾಳೆ ಶುರು ಮಾಡಿದರು. ಅವಳು ಕೈಯೆತ್ತಿ ಬೇಡ ಎಂದಳು.

“ಆ ಲೋಡರ್ ಈಗ್ಲೂ ನನ್ನ ಜೊತೆ ಮಾತಾಡಲ್ಲ” ಎಂದಳು. “ಅವರ ಭಾವ ಉಳಿದಿದ್ದಾರೆ, ದಿನಾ ಎದುರಿಗೇ ಇರ್ತಾರೆ. ಆದ್ರೂ ಮಾತಾಡಲ್ಲ. ನಾನು ಬಾಗಿಲಲ್ಲಿ ನಿಂತಿದ್ದಾಗ ಒಳಗಿನ ಕೂಗು ಒಂದ್ಸಲ ನಿಂತ್‌ಹೋಯ್ತು ಮೇಡಂ. ಆಗ ಆ ಲೋಡರ್ ನನ್ನ ಮುಖ ನೋಡಿದ್ರು. ನಾನು ಆಗ್ಲೂ ಒಳಗೆ ಬಿಡಲಿಲ್ಲ.”

ತ್ಯಾಮಗೊಂಡ್ಲು ಕಡೆಯ ಒಬ್ಬ ವಿದ್ಯಾರ್ಥಿ ಕೇಳಿದ, “ಮತ್ತೆ ಅಂಥದ್ದೇ ಬಂದ್ರೆ ಮೇಡಂ?” ಕೇಳಿದ್ದು ನನ್ನನ್ನಲ್ಲ, ಅವಳನ್ನು.

“ತಡೀತೀನಿ” ಎಂದಳು. “ಆದ್ರೆ ಅವತ್ತೂ ಕಷ್ಟಾನೇ ಆಗತ್ತೆ.”

ಆ ದಿನ ನಾನು ಸಿದ್ಧ ಮಾಡಿಕೊಂಡಿದ್ದ ಪಾಠವನ್ನು ತೆಗೆಯಲಿಲ್ಲ. ಮೇಲಿನವರು ಬೇಡ ಎಂದಾಗಲೂ ಕೆಳಗಿನವರು ಬಿಡಿ ಎಂದಾಗಲೂ ಏನು ಮಾಡಿದಿರಿ, ಒಬ್ಬೊಬ್ಬರೂ ತಮಗಾದದ್ದನ್ನು ಹೇಳಿ ಎಂದೆ. ಹೊಸಕೋಟೆಯವರು ಮೈಕ್ ಆನ್ ಮಾಡಿ, “ನಾನು ಹೇಳ್ತೀನಿ ಮೇಡಂ” ಎಂದು ಶುರು ಮಾಡಿದರು.